ಮೈಕ್ರೋಬಯಾಲಜಿಯೋ, ಫುಡ್ ಸೈನ್ಸೋ? ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಪಿಯುಸಿಯಿಂದ ಕೆಲಸದವರೆಗೆ ಒಂದು ಮಾರ್ಗದರ್ಶಿ

ನೀಟ್ ರಿಸಲ್ಟ್ ಬಂದ ವಾರ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಮೆಡಿಕಲ್ ಸಿಗಲ್ಲ, ಇಂಜಿನಿಯರಿಂಗ್ ಇಷ್ಟ ಇಲ್ಲ, ಹಾಗಾದ್ರೆ ಬಿ.ಎಸ್ಸಿ. ಅಷ್ಟರಲ್ಲಿ ಒಬ್ಬರು "ಮೈಕ್ರೋಬಯಾಲಜಿ ತಗೋ, ಸ್ಕೋಪ್ ಇದೆ" ಅನ್ನುತ್ತಾರೆ. ಇನ್ನೊಬ್ಬರು "ಈಗ ಫುಡ್ ಲೈನ್ ಚೆನ್ನಾಗಿದೆ" ಅನ್ನುತ್ತಾರೆ. ಇಬ್ಬರು ಹೇಳಿದ್ದೂ ಸುಳ್ಳಲ್ಲ. ಆದರೆ ಡಿಗ್ರಿಯ ಹೆಸರು ಏನಿರಬೇಕು, ಜೊತೆಗೆ ಯಾವ ವಿಷಯ ಇರಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಎಂ.ಎಸ್ಸಿ. ಸೀಟು, ಸರ್ಕಾರಿ ಹುದ್ದೆ, ಲ್ಯಾಬಿನ ಕೆಲಸ ಎಲ್ಲವೂ ಮಾರ್ಕ್ಸ್ ಕಾರ್ಡಿನ ಮೇಲೆ ಅಚ್ಚಾದ ಆ ಹೆಸರುಗಳನ್ನು ನೋಡಿಯೇ ತೀರ್ಮಾನವಾಗುತ್ತವೆ. ಅಂಕ ಆಮೇಲಿನ ಮಾತು. ಅದಕ್ಕೇ ಈ ಬರಹ ಹೆಸರಿನ ಮೇಲೆ, ಕಾಂಬಿನೇಷನ್ ಮೇಲೆ ಸ್ವಲ್ಪ ಜಾಸ್ತಿ ನಿಲ್ಲುತ್ತದೆ.

ಹೆಜ್ಜೆ 1: ಯಾವುದು ಏನು ಅಂತ ತಿಳಿದುಕೊಳ್ಳಿ

ಬೆಣ್ಣೆ ದೋಸೆಯ ಹಿಟ್ಟನ್ನೇ ತಗೊಳ್ಳೋಣ. ಅಕ್ಕಿ, ಉದ್ದು, ನೆನೆಸಿದ ಮಂಡಕ್ಕಿ ರುಬ್ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹಿಟ್ಟು ಉಬ್ಬಿರುತ್ತದೆ. ಇದನ್ನು ಉಬ್ಬಿಸಿದ್ದು ಯಾರು ಅಂತ ಕೇಳುವುದು ಮೈಕ್ರೋಬಯಾಲಜಿ. ಉತ್ತರವೂ ಗೊತ್ತಿದೆ. ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾ ಮತ್ತು ಅದರ ಬಳಗದವರು ಹಿಟ್ಟಿನ ಸಕ್ಕರೆ ತಿಂದು ಗ್ಯಾಸ್ ಬಿಡುತ್ತವೆ, ಹುಳಿ ಆಮ್ಲವನ್ನೂ ಬಿಡುತ್ತವೆ. ಚಳಿಗಾಲದಲ್ಲಿ ಯಾಕೆ ಉಬ್ಬುವುದಿಲ್ಲ, ಜಾಸ್ತಿ ಹೊತ್ತಾದರೆ ಯಾಕೆ ವಿಪರೀತ ಹುಳಿ ಬರುತ್ತದೆ ಅನ್ನುವುದೂ ಈ ವಿಷಯಕ್ಕೇ ಸೇರಿದ್ದು.

ಫುಡ್ ಸೈನ್ಸ್ ಓದಿದವರ ಕಣ್ಣು ಬೇರೆ ಕಡೆ ಇರುತ್ತದೆ. ಮಂಡಕ್ಕಿಯ ಪಿಷ್ಟ ಭಟ್ಟಿಯಲ್ಲೇ ಬೆಂದು ಅರಳಿದ್ದು. ಅದು ಹಸಿ ಅಕ್ಕಿಯ ಪಿಷ್ಟದ ಜೊತೆ ಸೇರಿದರೆ ದೋಸೆಯ ಮೈ ಹೇಗಾಗುತ್ತದೆ? ಕಾವಲಿಯ ಮೇಲೆ ಅದು ಕೆಂಪಗಾಗುವುದು ಯಾವ ರಾಸಾಯನಿಕ ಕ್ರಿಯೆಯಿಂದ? ಬೆಣ್ಣೆ ಯಾಕೆ ಕಮಟು ಹಿಡಿಯುತ್ತದೆ? ಫುಡ್ ಟೆಕ್ನಾಲಜಿಯವರು ಇದೇ ಹಿಟ್ಟನ್ನು ಟನ್‌ಗಟ್ಟಲೆ ತಯಾರಿಸಿ, ಪ್ಯಾಕೆಟ್ ಒಡೆಯದ ಹಾಗೆ ತಣ್ಣಗೆ ಬೆಂಗಳೂರಿಗೆ ಮುಟ್ಟಿಸುವ ಯಂತ್ರ, ಪ್ಯಾಕಿಂಗ್, ಸಾಗಣೆ ನೋಡುತ್ತಾರೆ. ನ್ಯೂಟ್ರಿಷನ್ ಓದಿದವರಿಗೆ ಶುಗರ್ ಇರುವವರು ಎಷ್ಟು ದೋಸೆ ತಿನ್ನಬಹುದು ಅನ್ನುವ ಚಿಂತೆ.

ಈ ನಾಲ್ಕರಲ್ಲಿ ನಿಮಗೆ ಯಾವ ಪ್ರಶ್ನೆ ಇಷ್ಟವಾಯಿತು? ಅದನ್ನು ಒಂದು ಕಡೆ ಬರೆದಿಡಿ.

ಇಲ್ಲೇ ಒಂದು ತಪ್ಪು ತಿಳುವಳಿಕೆಯನ್ನೂ ಬಿಡಿಸಿಬಿಡೋಣ. "ಮೈಕ್ರೋಬಯಾಲಜಿ ಓದಿದರೆ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಗ್ಯಾರಂಟಿ" ಅನ್ನುವ ಮಾತು ದಾವಣಗೆರೆಯಲ್ಲಿ ಬಹಳ ಓಡಾಡುತ್ತದೆ. ಮೆಡಿಕಲ್ ಕಾಲೇಜುಗಳಿರುವ ಊರಲ್ಲವಾ, ಹಾಗೆ ಅನ್ನಿಸುವುದು ಸಹಜ. ಆದರೆ ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಕೇಳುವುದು ಎಂ.ಎಲ್.ಟಿ., ಅಂದರೆ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿಯ ಓದು. ಅದು ಪ್ಯಾರಾಮೆಡಿಕಲ್ ಡಿಪ್ಲೊಮಾ ಆಗಿ ಸಿಗುತ್ತದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಡಿಗ್ರಿಯಾಗಿಯೂ ಸಿಗುತ್ತದೆ. ಆಸ್ಪತ್ರೆಯೇ ನಿಮ್ಮ ಗುರಿ ಅಂದ್ರೆ ಮೊದಲೇ ಆ ದಾರಿ ಹಿಡಿಯಿರಿ. ಮಾಮೂಲಿ ಬಿ.ಎಸ್ಸಿ. ಮೈಕ್ರೋಬಯಾಲಜಿಯ ದಾರಿ ಹೆಚ್ಚಾಗಿ ಆಹಾರ, ಹಾಲು, ನೀರು, ಔಷಧ ಕಾರ್ಖಾನೆ, ಸಂಶೋಧನೆಯ ಕಡೆಗೆ ಹೋಗುತ್ತದೆ.

ಹೆಜ್ಜೆ 2: ಪಿಯುಸಿಯಲ್ಲಿ ಗಣಿತ ಬಿಡಬೇಡಿ

ಎಸ್ಸೆಸ್ಸೆಲ್ಸಿ ಮುಗಿಸಿದವರು ಇದನ್ನು ಓದುತ್ತಿದ್ದರೆ ಮಾತು ಸುಲಭ. ಪಿ.ಸಿ.ಎಂ.ಬಿ. ತಗೊಳ್ಳಿ. ಜೀವಶಾಸ್ತ್ರ ಇದ್ದರೆ ಬಿ.ಎಸ್ಸಿ. ಮೈಕ್ರೋಬಯಾಲಜಿ, ತೋಟಗಾರಿಕೆ, ಕೃಷಿ ಕೋರ್ಸುಗಳು ಸಿಗುತ್ತವೆ. ಗಣಿತ ಇದ್ದರೆ ಬಿ.ಟೆಕ್. ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಿ.ಇ. ಬಯೋಟೆಕ್ನಾಲಜಿ ಕೂಡ ಕೈಯಲ್ಲಿರುತ್ತವೆ. "ನನ್ನ ಮಗಳಿಗೆ ಗಣಿತ ಕಷ್ಟ" ಅಂತ ಗಣಿತದ ಬದಲು ಬೇರೆ ವಿಷಯ ಕೊಡಿಸುವ ಅಪ್ಪ ಅಮ್ಮಂದಿರು ಇಷ್ಟು ಬಾಗಿಲುಗಳು ಒಟ್ಟಿಗೆ ಮುಚ್ಚುತ್ತವೆ ಅಂತ ಲೆಕ್ಕ ಹಾಕಿರುವುದಿಲ್ಲ. ಗಣಿತದಲ್ಲಿ ನೂರಕ್ಕೆ ತೊಂಬತ್ತು ಬರಬೇಕು ಅಂತೇನಿಲ್ಲ.

ಈಗಾಗಲೇ ಗಣಿತವಿಲ್ಲದೆ ಪಿಯುಸಿ ಮುಗಿದಿದೆಯಾ? ಚಿಂತೆ ಬೇಡ. ಬಿ.ಎಸ್ಸಿ. ಮಾಡಿ, ಆಮೇಲೆ ಎಂ.ಎಸ್ಸಿ.ಯಲ್ಲಿ ಆಹಾರದ ಕಡೆ ತಿರುಗುವ ದಾರಿ ಇದ್ದೇ ಇದೆ. ಈ ಯಾವ ಕೋರ್ಸಿಗೂ ನೀಟ್ ಬೇಡ.

ಹೆಜ್ಜೆ 3: ಡಿಗ್ರಿ ಆರಿಸಿಕೊಳ್ಳಿ

ನಮ್ಮ ಎರಡು ಜಿಲ್ಲೆಗಳಲ್ಲಿ ಕುಳಿತು ನೋಡಿದರೆ ಮುಖ್ಯವಾಗಿ ಮೂರು ದಾರಿ ಕಾಣುತ್ತವೆ.

ಮೊದಲನೆಯದು ಸ್ಥಳೀಯ ಕಾಲೇಜಿನಲ್ಲಿ ಬಿ.ಎಸ್ಸಿ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಡಿಗ್ರಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ದಾವಣಗೆರೆಯ ಡಿ.ಆರ್.ಎಂ. ವಿಜ್ಞಾನ ಕಾಲೇಜು, ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜು ಎಲ್ಲರಿಗೂ ಗೊತ್ತಿರುವ ಹೆಸರುಗಳು. ಆದರೆ ಒಂದು ಕಾಂಬಿನೇಷನ್ ಪ್ರತಿ ವರ್ಷವೂ ಇರುತ್ತದೆ ಅಂತ ನಂಬಿ ಕೂರಬೇಡಿ. ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಆ ವರ್ಷ ಅದನ್ನು ನಡೆಸದೇ ಇರಬಹುದು. ಕಾಲೇಜು ಆಫೀಸಿಗೆ ಹೋಗಿ "ಈ ವರ್ಷ ಮೈಕ್ರೋಬಯಾಲಜಿಗೆ ಯಾವ ಕಾಂಬಿನೇಷನ್ ಇದೆ, ಹೋದ ವರ್ಷ ಎಷ್ಟು ಜನ ಇದ್ದರು" ಅಂತ ನೇರವಾಗಿ ಕೇಳಿ.

ಕೋರ್ಸಿನ ಅವಧಿಯ ಬಗ್ಗೆಯೂ ಗೊಂದಲ ಇದೆ. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿ ಮಾಡಿ ನಾಲ್ಕು ವರ್ಷದ ಆನರ್ಸ್ ತಂದಿತ್ತು. 2024-25ರಿಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷದ ಡಿಗ್ರಿಗೆ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಬಂದಾಯಿತು. ಹಾಗಾಗಿ ಅಕ್ಕನದ್ದೋ ಪಕ್ಕದ ಮನೆ ಅಣ್ಣನದ್ದೋ ಸಿಲಬಸ್ ನೋಡಿ ನಿಮ್ಮದನ್ನು ಅಂದಾಜು ಮಾಡಬೇಡಿ. ಅವರು ಓದಿದ್ದು ಬೇರೆಯೇ ಚೌಕಟ್ಟಿನಲ್ಲಿ ಇರಬಹುದು.

ಕಾಂಬಿನೇಷನ್ನಿನಲ್ಲಿ ನನ್ನದೊಂದು ಹಟ ಇದೆ: ಮೈಕ್ರೋಬಯಾಲಜಿ ಜೊತೆ ಕೆಮಿಸ್ಟ್ರಿ ಇರಲೇಬೇಕು. ಮೂರನೆಯದು ಬಾಟನಿಯೋ, ಝೂವಾಲಜಿಯೋ, ಬಯೋಟೆಕ್ನಾಲಜಿಯೋ, ನಿಮ್ಮಿಷ್ಟ. ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಅರ್ಧ ಕೆಲಸ ಕೆಮಿಸ್ಟ್ರಿಯೇ. ತೇವಾಂಶ, ಕೊಬ್ಬು, ಪ್ರೋಟೀನ್, ಕೀಟನಾಶಕದ ಉಳಿಕೆ, ಬಣ್ಣದ ಕಲಬೆರಕೆ, ಎಲ್ಲಾ ಅಲ್ಲೇ ಬರುತ್ತವೆ. ಬಯೋಕೆಮಿಸ್ಟ್ರಿಯಂಥ ಎಂ.ಎಸ್ಸಿ. ಕೋರ್ಸುಗಳು ಡಿಗ್ರಿಯಲ್ಲಿ ಕೆಮಿಸ್ಟ್ರಿ ಓದಿದ್ದೀರಾ ಅಂತ ನೋಡುತ್ತವೆ. ಎಂ.ಟೆಕ್., ಸಂಶೋಧನೆಗೆ ಸೇರಲು ಬರೆಯುವ ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪೇಪರಿನಲ್ಲೂ ಕೆಮಿಸ್ಟ್ರಿ ಭಾಗ ಕಡ್ಡಾಯ. ಅದರ ಜೊತೆ ಎರಡು ಭಾಗ ನಾವೇ ಆರಿಸಬೇಕು. ಆ ಪಟ್ಟಿಯಲ್ಲಿ ಮೈಕ್ರೋಬಯಾಲಜಿಯೂ ಇದೆ, ಫುಡ್ ಟೆಕ್ನಾಲಜಿಯೂ ಇದೆ. ನಮ್ಮ ಎರಡೂ ವಿಷಯಗಳನ್ನು ಒಂದೇ ಪರೀಕ್ಷೆಯಲ್ಲಿ ಬರೆಯಬಹುದು, ಕೆಮಿಸ್ಟ್ರಿ ಬಂದರೆ.

ಎರಡನೇ ದಾರಿ ಸಿಇಟಿ ಮೂಲಕ ಸಿಗುವ ಕೃಷಿ ಗುಂಪಿನ ಕೋರ್ಸುಗಳು. ಬಿ.ಟೆಕ್. ಫುಡ್ ಟೆಕ್ನಾಲಜಿ, ಬಿ.ಟೆಕ್. ಡೈರಿ ಟೆಕ್ನಾಲಜಿ, ಬಿ.ಎಸ್ಸಿ. ಆನರ್ಸ್ ತೋಟಗಾರಿಕೆ, ಕೃಷಿ, ಸಮುದಾಯ ವಿಜ್ಞಾನ ಇವೆಲ್ಲ ನಾಲ್ಕು ವರ್ಷದವು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ತೋಟಗಾರಿಕೆ ಕಾಲೇಜು ನಮ್ಮ ಪಕ್ಕದಲ್ಲೇ ಇದೆ. ಅದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಡೈರಿ ಕಾಲೇಜಿಗೆ ಬೆಂಗಳೂರಿನ ಹೆಬ್ಬಾಳಕ್ಕೋ ಕಲಬುರಗಿಗೋ ಹೋಗಬೇಕು. ಜಮೀನಿರುವ ಮನೆಯ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ದಾಖಲೆ ಕೊಡಬೇಕು, ಕೃಷಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಅರ್ಜಿಯಲ್ಲಿ ಆ ಕಾಲಂ ತುಂಬದೇ ಹೋದರೆ ಕೋಟಾ ಕೈತಪ್ಪುತ್ತದೆ. ಮೆಕ್ಕೆಜೋಳ, ಶೇಂಗಾ, ಅಡಿಕೆ ಬೆಳೆಯುವ ಮನೆಯಿಂದ ಬಂದು ಈ ಕೋಟಾ ಗೊತ್ತಿಲ್ಲದೆ ಬಿಟ್ಟರೆ ನಿಜಕ್ಕೂ ಬೇಜಾರಿನ ಸಂಗತಿ.

ಮೂರನೆಯದು ಬಿ.ಇ. ಬಯೋಟೆಕ್ನಾಲಜಿ. ದಾವಣಗೆರೆಯ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲೇ ಇದೆ. ಶುಲ್ಕ ಜಾಸ್ತಿ. ಬರೀ ಆಹಾರದ ಕಡೆ ಹೋಗಬೇಕು ಅನ್ನುವವರಿಗೆ ಇದು ಸುತ್ತು ದಾರಿ ಅಂತ ನನ್ನ ಅನಿಸಿಕೆ.

ಮೂರರಲ್ಲಿ ಯಾವುದು? ಸಿಇಟಿ ರ‍್ಯಾಂಕ್ ಒದಗಿದರೆ, ಮನೆ ಬಿಟ್ಟು ದೂರ ಇರಲು ತಯಾರಿದ್ದರೆ ಬಿ.ಟೆಕ್. ಫುಡ್ ಅಥವಾ ಡೈರಿ. ಕಾರ್ಖಾನೆಗಳು ಹುಡುಕುವ ಹೆಸರು ಅದು. ಊರಲ್ಲೇ ಇರಬೇಕು, ಖರ್ಚು ಕಮ್ಮಿ ಇರಬೇಕು ಅಂದ್ರೆ ಬಿ.ಎಸ್ಸಿ. ಆದರೆ ಬಿ.ಎಸ್ಸಿ. ಮಾಡುವವರು ಎಂ.ಎಸ್ಸಿ.ವರೆಗೆ ಹೋಗುತ್ತೇನೆ ಅಂತ ಮನಸ್ಸು ಮಾಡಿಯೇ ಹೊರಡಬೇಕು. ಬರೀ ಬಿ.ಎಸ್ಸಿ.ಗೆ ಸಿಗುವ ಕೆಲಸಗಳು ಇವೆ, ಸಂಬಳ ಮಾತ್ರ ಮೇಲೇಳುವುದು ನಿಧಾನ.

ಹೆಜ್ಜೆ 4: ಸೇರುವ ಮುಂಚೆ ಲ್ಯಾಬ್ ನೋಡಿ ಬನ್ನಿ

ಎಲ್ಲರೂ ಕಟ್ಟಡ, ಹಾಸ್ಟೆಲ್, ಬಸ್ ಸ್ಟಾಪ್ ನೋಡುತ್ತಾರೆ. ಮೈಕ್ರೋಬಯಾಲಜಿ ಕೈಯಲ್ಲಿ ಕಲಿಯುವ ವಿಷಯ. ಲ್ಯಾಬ್ ಸರಿ ಇಲ್ಲದಿದ್ದರೆ ಮೂರು ವರ್ಷ ಚಿತ್ರ ಬರೆದು ಮುಗಿಸುತ್ತೀರಿ. ಹಾಗಾಗಿ ಅಡ್ಮಿಷನ್ನಿಗೆ ಮುಂಚೆ ಒಮ್ಮೆ ವಿಭಾಗಕ್ಕೆ ಹೋಗಿ, ಅಲ್ಲಿನ ಮೇಡಂ ಅಥವಾ ಸರ್ ಹತ್ತಿರ "ಸೇರಬೇಕು ಅಂತಿದ್ದೀನಿ, ಲ್ಯಾಬ್ ನೋಡಬಹುದಾ" ಅಂತ ಕೇಳಿ. ಒಳ್ಳೆಯ ವಿಭಾಗದವರು ಖುಷಿಯಿಂದ ತೋರಿಸುತ್ತಾರೆ.

ಮೊದಲು ಆಟೊಕ್ಲೇವ್ ನೋಡಿ. ಅದು ದೊಡ್ಡದೊಂದು ಪ್ರೆಷರ್ ಕುಕ್ಕರ್ ಇದ್ದ ಹಾಗೆ. 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿ 15 ನಿಮಿಷ ಇಟ್ಟರೆ ಗಟ್ಟಿ ಬೀಜಕಗಳೂ ಸಾಯುತ್ತವೆ. ಅದರ ಮುಚ್ಚಳದ ಮೇಲೆ ಧೂಳು ಕೂತಿದ್ದರೆ ಅಲ್ಲಿ ಏನೂ ನಡೆಯುತ್ತಿಲ್ಲ ಅಂತ ಅರ್ಥ. ಆಮೇಲೆ ಇನ್‌ಕ್ಯುಬೇಟರ್ (ಸೂಕ್ಷ್ಮಜೀವಿಗಳನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ) ಒಳಗೆ ಕಣ್ಣು ಹಾಯಿಸಿ. ಅವು ಬೆಳೆಯುವ ಪೆಟ್ರಿ ತಟ್ಟೆಗಳು ಇವೆಯಾ? ಅವುಗಳ ಮೇಲೆ ಹೆಸರು, ತಾರೀಖು ಬರೆದಿದೆಯಾ? ಬರೆದ ತಾರೀಖು ಈ ವಾರದ್ದಾ? ಸೋಸಿದ ಗಾಳಿಯಲ್ಲಿ ಶುದ್ಧವಾಗಿ ಕೆಲಸ ಮಾಡಲು ಇರುವ ಲ್ಯಾಮಿನಾರ್ ಏರ್ ಫ್ಲೋ ಯಂತ್ರ ಇದ್ದರೆ ಅದನ್ನು ವಿದ್ಯಾರ್ಥಿಗಳಿಗೆ ಮುಟ್ಟಲು ಬಿಡುತ್ತಾರಾ ಅಂತ ಕೇಳಿ. ಎಷ್ಟೋ ಕಡೆ ಅದು ತಪಾಸಣೆಗೆ ಬಂದವರಿಗೆ ತೋರಿಸಲು ಮಾತ್ರ. ಮೈಕ್ರೋಸ್ಕೋಪಿನಲ್ಲಿ ಎಣ್ಣೆ ಹನಿ ಹಾಕಿ ನೋಡುವ, ನೂರು ಪಟ್ಟು ದೊಡ್ಡದು ಮಾಡುವ ಆಯಿಲ್ ಇಮ್ಮರ್ಶನ್ ಲೆನ್ಸ್ ಇರಬೇಕು, ಅದಿಲ್ಲದೆ ಬ್ಯಾಕ್ಟೀರಿಯಾ ಸರಿಯಾಗಿ ಕಾಣುವುದಿಲ್ಲ. ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ ಅನ್ನುವುದೂ ಮುಖ್ಯ.

ಕೊನೆಗೆ ಒಂದು ಪ್ರಶ್ನೆ: "ಮೀಡಿಯಾ ತಯಾರು ಮಾಡೋದು ಯಾರು?" ಮೀಡಿಯಾ ಅಂದರೆ ಸೂಕ್ಷ್ಮಜೀವಿ ಬೆಳೆಯಲು ತಟ್ಟೆಯಲ್ಲಿ ಹಾಕುವ ಆಹಾರ. ಅಟೆಂಡರ್ ಮಾಡಿಟ್ಟಿರುತ್ತಾರೆ ಅಂದರೆ ಅರ್ಧ ಕಲಿಕೆ ಹೋಯಿತು. ಮಕ್ಕಳೇ ತೂಗಿ, ಕರಗಿಸಿ, ಆಟೊಕ್ಲೇವ್ ಮಾಡಿ, ತಟ್ಟೆಗೆ ಸುರಿಯುತ್ತಾರೆ ಅಂದರೆ ಆ ಕಾಲೇಜಿನ ಗೋಡೆಗೆ ಬಣ್ಣ ಹೋಗಿದ್ದರೂ ಸೇರಿಕೊಳ್ಳಿ.

ಸಾಧ್ಯವಾದರೆ ಕಾರಿಡಾರಿನಲ್ಲಿ ಕೊನೆ ವರ್ಷದವರೊಬ್ಬರನ್ನು ಹಿಡಿದು "ಗ್ರಾಂ ಸ್ಟೇನಿಂಗ್ ಎಷ್ಟು ಸಲ ಮಾಡಿದ್ದೀರಿ" ಅಂತ ಕೇಳಿ. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಯಾವ ಗುಂಪಿನದು ಅಂತ ಗುರುತಿಸುವ ಪ್ರಯೋಗ ಅದು. ಅವರ ಮುಖವೇ ಹೇಳುತ್ತದೆ.

ಹೆಜ್ಜೆ 5: ಅರ್ಜಿ, ದಾಖಲೆ, ವಿದ್ಯಾರ್ಥಿವೇತನ

ಡಿಗ್ರಿ ಪ್ರವೇಶಕ್ಕೆ ರಾಜ್ಯ ಸರ್ಕಾರದ ಯು.ಯು.ಸಿ.ಎಂ.ಎಸ್. ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಲ್ಲಿ ಹೆಸರು, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಇರಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಈಗಲೇ ಸರಿ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪಿಯು ರಿಸಲ್ಟ್ ಬರುವ ಮುಂಚೆಯೇ ನಾಡಕಚೇರಿಯಿಂದ ತೆಗೆಸಿಟ್ಟರೆ ಒಳ್ಳೆಯದು, ಆಮೇಲೆ ಎಲ್ಲರೂ ಒಟ್ಟಿಗೆ ಬಂದು ಸಾಲು ಬೆಳೆಯುತ್ತದೆ. ಹರಪನಹಳ್ಳಿ ಕಡೆಯಿಂದ ಬರುವವರು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371ಜೆ ಪ್ರಮಾಣಪತ್ರ ಮರೆಯಬೇಡಿ. ಆ ತಾಲ್ಲೂಕು ಕೆಲವು ವರ್ಷ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಸಿಇಟಿ ಸೀಟಿಗೂ ಮುಂದೆ ಸರ್ಕಾರಿ ಕೆಲಸಕ್ಕೂ ಆ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ. 2021ರಲ್ಲಿ ಶುರುವಾದಾಗ ಬಿ.ಎಸ್ಸಿ.ಯಂಥ ಡಿಗ್ರಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ, ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿ ಅಂತ ನಿಗದಿಯಾಗಿತ್ತು. ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಬೇಕು, ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ದುಡ್ಡು ಬರದೇ ಇರುವುದಕ್ಕೆ ಬಹಳ ಸಲ ಕಾರಣ ಈ ಜೋಡಣೆಯೇ.

ಹೆಜ್ಜೆ 6: ಮೂರು ವರ್ಷ ಏನು ಕಲಿಯಬೇಕು

ಮೊದಲ ವರ್ಷದಲ್ಲಿ ಕೈ ಪಳಗಬೇಕು. ಬೆಂಕಿಯ ಪಕ್ಕ ಕೂತು ಬೇರೆ ಸೂಕ್ಷ್ಮಜೀವಿ ಬೀಳದ ಹಾಗೆ ಕೆಲಸ ಮಾಡುವುದು, ಲೂಪ್ (ತುದಿಯಲ್ಲಿ ಉಂಗುರದ ಹಾಗಿರುವ ತಂತಿ) ಕೆಂಪಗೆ ಕಾಯಿಸಿ ತಣಿಸಿ ತಟ್ಟೆಯ ಮೇಲೆ ಗೆರೆ ಎಳೆಯುವುದು, ಒಂಟಿ ಒಂಟಿ ಕಾಲೊನಿ (ತಟ್ಟೆಯ ಮೇಲೆ ಕಣ್ಣಿಗೆ ಕಾಣುವ ಸೂಕ್ಷ್ಮಜೀವಿಗಳ ಗುಂಪು) ತೆಗೆಯುವುದು. ಗ್ರಾಂ ಸ್ಟೇನಿಂಗ್ 1884ರಷ್ಟು ಹಳೆಯ ವಿಧಾನ, ಇವತ್ತಿಗೂ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ. ಕ್ರಿಸ್ಟಲ್ ವೈಲೆಟ್, ಅಯೋಡಿನ್, ಆಲ್ಕೊಹಾಲ್, ಸ್ಯಾಫ್ರನಿನ್ ಅಂತ ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಜನ. ಆಲ್ಕೊಹಾಲ್ ಹೆಚ್ಚು ಹೊತ್ತು ಬಿಟ್ಟರೆ ನೇರಳೆ ಕಾಣಬೇಕಾದದ್ದೂ ಕೆಂಪಗೆ ಕಾಣುತ್ತದೆ ಅಂತ ಹೇಳಬಲ್ಲವರು ಮಾಡಿ ನೋಡಿದವರು. ಕೇಳುವವರಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟ. ವಿಷಯ ಕಷ್ಟ ಅಂತ ಅಲ್ಲ, ಹೆಸರುಗಳದ್ದೇ ಕಾಟ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಹೊಸ ಪದ ಬಂದ ಹಾಗೆ ಕನ್ನಡದಲ್ಲಿ ಅರ್ಥ, ಪಕ್ಕದಲ್ಲಿ ಉಚ್ಚಾರಣೆ ಬರೆದುಕೊಳ್ಳಿ. ಪ್ರಾಕ್ಟಿಕಲ್ ರೆಕಾರ್ಡನ್ನು ಇನ್ನೊಬ್ಬರದ್ದು ನೋಡಿ ಇಳಿಸದೆ ಸ್ವಂತ ಬರೆದರೆ ಎರಡನೇ ಸೆಮಿಸ್ಟರ್ ಹೊತ್ತಿಗೆ ಇಂಗ್ಲಿಷ್ ತಾನಾಗಿ ಸಡಿಲವಾಗುತ್ತದೆ.

ಎರಡನೇ ವರ್ಷದಿಂದ ಎಣಿಕೆ. ಹಾಲನ್ನೋ ನೀರನ್ನೋ ಹತ್ತರ ಲೆಕ್ಕದಲ್ಲಿ ತೆಳು ಮಾಡುತ್ತಾ ಹೋಗಿ ತಟ್ಟೆಗೆ ಹಾಕಿ, ಮರುದಿನ ಕಾಲೊನಿ ಎಣಿಸುವುದು. 30ರಿಂದ 300ರ ನಡುವೆ ಕಾಲೊನಿ ಇರುವ ತಟ್ಟೆಯನ್ನೇ ಲೆಕ್ಕಕ್ಕೆ ತಗೊಳ್ಳುವುದು ರೂಢಿ. ಕಮ್ಮಿ ಇದ್ದರೆ ಲೆಕ್ಕ ನಂಬುವಂತಿಲ್ಲ, ಜಾಸ್ತಿ ಇದ್ದರೆ ಒಂದರ ಮೇಲೊಂದು ಬೆಳೆದಿರುತ್ತವೆ. ಹಾಲಿಗೆ ಮೆಥಿಲೀನ್ ಬ್ಲೂ ಪರೀಕ್ಷೆ ಇದೆ. 10 ಮಿ.ಲೀ. ಹಾಲಿಗೆ 1 ಮಿ.ಲೀ. ನೀಲಿ ದ್ರಾವಣ ಹಾಕಿ 37 ಡಿಗ್ರಿಯಲ್ಲಿ ಇಡುವುದು. ಬಣ್ಣ ಐದು ಗಂಟೆಗಿಂತ ಹೆಚ್ಚು ನಿಂತರೆ ಹಾಲು ಬಹಳ ಚೆನ್ನಾಗಿದೆ, ಅರ್ಧ ಗಂಟೆಯೊಳಗೆ ಮಾಯವಾದರೆ ಬ್ಯಾಕ್ಟೀರಿಯಾ ತುಂಬಿದೆ. ಮನೆಯಲ್ಲಿ ಎಮ್ಮೆ ಹಸು ಇರುವವರು ಬೆಳಿಗ್ಗೆ ಕರೆದ ಹಾಲು, ಮಧ್ಯಾಹ್ನದವರೆಗೆ ಹೊರಗಿಟ್ಟ ಹಾಲು ಎರಡನ್ನೂ ಲ್ಯಾಬಿಗೆ ತಂದು ನೋಡಿ. ಪುಸ್ತಕದ ಇಡೀ ಅಧ್ಯಾಯ ಎರಡು ಟ್ಯೂಬಿನಲ್ಲಿ ಕಾಣುತ್ತದೆ. ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಯಲ್ಲೇ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಬರುತ್ತವೆ. ವಿಭಾಗದ ಮೂಲಕ ಪತ್ರ ಬರೆಸಿ ಡೈರಿ ನೋಡಲು ಹೋಗಿ. 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ ತಕ್ಷಣ ತಣಿಸುವ ಪಾಶ್ಚರೀಕರಣವನ್ನು ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಮೂರನೇ ವರ್ಷಕ್ಕೆ ಪ್ರಾಜೆಕ್ಟ್. ಬಹಳ ಜನ ಇದನ್ನು ಹಾಳು ಮಾಡಿಕೊಳ್ಳುವುದು ಇಂಟರ್ನೆಟ್‌ನಿಂದ ಹೆಸರು ಹುಡುಕಿ. ಇರುವ ಊರಲ್ಲೇ ವಿಷಯ ಬಿದ್ದಿದೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಸುತ್ತ ಶೇಂಗಾ. ದಾವಣಗೆರೆ ಸುತ್ತ ಮೆಕ್ಕೆಜೋಳ. ಈ ಎರಡಕ್ಕೂ ಶತ್ರು ಒಂದೇ, ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಹಸಿರು ಬೂಷ್ಟು. ಅದು ಬಿಡುವ ಅಫ್ಲಟಾಕ್ಸಿನ್ ವಿಷ ಯಕೃತ್ತಿಗೆ ಕೆಡುಕು, ಕ್ಯಾನ್ಸರ್ ತರಬಲ್ಲದು. ಇದು ಜಗತ್ತಿಗೆ ಗೊತ್ತಾಗಿದ್ದೇ ಶೇಂಗಾದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ ಕಾರಣ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದೇ ವಿಷ ಇರುವ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದು ಅಫ್ಲಟಾಕ್ಸಿನ್ ಎಂ1 ಅನ್ನುವ ರೂಪದಲ್ಲಿ ಇಳಿಯುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೊಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಿತಿ. ಹೊಲ, ಹಿಂಡಿ, ಹಸು, ಹಾಲು ಅಂತ ಇಡೀ ಸರಪಳಿ ನಮ್ಮ ತಾಲ್ಲೂಕುಗಳಲ್ಲೇ ಇದೆ.

ವಿಷವನ್ನೇ ಅಳೆಯುವ ಯಂತ್ರ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಪರವಾಗಿಲ್ಲ. ಒಣಗಿಸಿದ ಶೇಂಗಾ, ಅರೆ ಒಣಗಿದ ಶೇಂಗಾ ಎರಡರ ತೇವಾಂಶ ಅಳೆದು, ಎರಡರಲ್ಲೂ ಬೂಷ್ಟಿನ ಕಾಲೊನಿ ಎಣಿಸಿ ಹೋಲಿಸಿದರೂ ಗಟ್ಟಿ ಪ್ರಾಜೆಕ್ಟ್ ಆಗುತ್ತದೆ. ಬೂಷ್ಟಿಗೆ 25ರಿಂದ 28 ಡಿಗ್ರಿ, ಮೂರರಿಂದ ಐದು ದಿನ ಬೇಕು. 37 ಡಿಗ್ರಿ ಇನ್‌ಕ್ಯುಬೇಟರಿಗೆ ತುರುಕಬೇಡಿ. ಮಂಡಕ್ಕಿ ಗಾಳಿಯಾಡಿ ಮೆತ್ತಗಾಗುವುದು, ಹೋಟೆಲ್ ಚಟ್ನಿಯಲ್ಲಿ ಗಂಟೆಗಂಟೆಗೆ ಬ್ಯಾಕ್ಟೀರಿಯಾ ಏರುವುದು, ಇವೂ ಒಳ್ಳೆಯ ವಿಷಯಗಳೇ. ಹೋಟೆಲಿನ ಹೆಸರು ಮಾತ್ರ ವರದಿಯಲ್ಲಿ ಹಾಕಬೇಡಿ. ಸ್ಯಾಂಪಲ್ ಬೇಕಾದರೆ, ರೈತರ ಪರಿಚಯ ಬೇಕಾದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ ಬಬ್ಬೂರು ಫಾರಂನ ಕೇಂದ್ರವನ್ನೋ ಕೇಳಿ ನೋಡಿ.

ಹೆಜ್ಜೆ 7: ಎಂ.ಎಸ್ಸಿ.

ದಾವಣಗೆರೆ ಪಕ್ಕದ ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಅಲ್ಲಿ ಮೈಕ್ರೋಬಯಾಲಜಿ ವಿಭಾಗವೂ ಇದೆ, ಫುಡ್ ಟೆಕ್ನಾಲಜಿ ವಿಭಾಗವೂ ಇದೆ. ಮನೆಯಿಂದ ಓಡಾಡಿ ಇವೆರಡರಲ್ಲಿ ಒಂದನ್ನು ಓದುವ ಅನುಕೂಲ ಎಲ್ಲಾ ಊರಿನವರಿಗೆ ಇಲ್ಲ. ಪ್ರವೇಶ ಪ್ರಕಟಣೆ ಬಂದಾಗ ಶುಲ್ಕ ನೋಡುವ ಮುಂಚೆ ಅರ್ಹತೆಯ ಕಾಲಂ ಓದಿ. ಯಾವ ವಿಷಯವನ್ನು ಎಷ್ಟು ವರ್ಷ ಓದಿರಬೇಕು ಅಂತ ಅಲ್ಲಿರುತ್ತದೆ.

ಆಹಾರದ ಕಡೆ ಮನಸ್ಸು ಗಟ್ಟಿ ಇದ್ದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ. (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕಡೆಗೂ ಕಣ್ಣಿಡಿ. 1950ರಲ್ಲಿ ಶುರುವಾದ ಸಂಸ್ಥೆ, ಅಲ್ಲಿನ ಎಂ.ಎಸ್ಸಿ. ಫುಡ್ ಟೆಕ್ನಾಲಜಿಗೆ ದೇಶದ ಎಲ್ಲಾ ಕಡೆಯಿಂದ ಪೈಪೋಟಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಇವುಗಳಿಗೆ ತಯಾರಿ ಐದನೇ ಸೆಮಿಸ್ಟರಿನಲ್ಲೇ ಶುರುವಾಗಬೇಕು.

ಎರಡು ಎಂ.ಎಸ್ಸಿ.ಗಳಲ್ಲಿ ಯಾವುದು ಅಂತ ಕೇಳುವವರು ಜಾಸ್ತಿ. ಪಾಠ ಮಾಡುವ ಆಸೆ, ಸಂಶೋಧನೆಯ ಆಸೆ ಇದ್ದರೆ ಮೈಕ್ರೋಬಯಾಲಜಿ. ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ಸಿಎಸ್ಐಆರ್ ನೆಟ್ (ರಾಷ್ಟ್ರಮಟ್ಟದ್ದು), ಕೆ-ಸೆಟ್ (ರಾಜ್ಯದ್ದು) ಎರಡರಲ್ಲೂ ಲೈಫ್ ಸೈನ್ಸಸ್ ಇದೆ. ಕಾರ್ಖಾನೆಗೆ ಹೋಗುವುದು ಖಚಿತವಾದರೆ ಫುಡ್ ಟೆಕ್ನಾಲಜಿ.

ಹೆಜ್ಜೆ 8: ಕೆಲಸ

ಸರ್ಕಾರಿ ಹುದ್ದೆಗಳಲ್ಲಿ ಎಲ್ಲರ ಕಣ್ಣು ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಯ ಮೇಲೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಅಡಿ 2011ರಲ್ಲಿ ಬಂದ ನಿಯಮಗಳು ಅರ್ಹತೆಯನ್ನು ಹೆಸರು ಹಿಡಿದು ಹೇಳುತ್ತವೆ: ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಆಯಿಲ್ ಟೆಕ್ನಾಲಜಿ, ಕೃಷಿ ವಿಜ್ಞಾನ, ಪಶುವೈದ್ಯ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇವುಗಳಲ್ಲಿ ಡಿಗ್ರಿ, ಅಥವಾ ಕೆಮಿಸ್ಟ್ರಿಯಲ್ಲಿ ಸ್ನಾತಕೋತ್ತರ, ಅಥವಾ ವೈದ್ಯಕೀಯ ಡಿಗ್ರಿ. ಇದಕ್ಕೆ ಸಮಾನ ಅಂತ ಕೇಂದ್ರ ಸರ್ಕಾರ ಬೇರೆ ಡಿಗ್ರಿಗಳನ್ನು ಸೂಚಿಸಬಹುದು. ಪಟ್ಟಿಯನ್ನು ಮತ್ತೊಮ್ಮೆ ಓದಿ. "ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್" ಅನ್ನುವ ಹೆಸರು ನೇರವಾಗಿ ಅದರಲ್ಲಿಲ್ಲ. ಮೂರು ವಿಷಯಗಳ ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಒಂದಾಗಿದ್ದರೆ ಸಾಕಾ ಅನ್ನುವ ತಕರಾರೂ ಬರಬಹುದು. ಅದೇ ವಿಷಯದಲ್ಲಿ ಎಂ.ಎಸ್ಸಿ. ಇದ್ದರೆ ಆ ತಲೆನೋವು ಇಲ್ಲ. ಮೊದಲಿಂದ ಹೆಸರು, ಹೆಸರು ಅಂತ ನಾನು ಬಡಿದುಕೊಂಡಿದ್ದು ಇದಕ್ಕೇ.

ಖಾಸಗಿಯಲ್ಲಿ ಮೊದಲ ಕೆಲಸ ಸಾಮಾನ್ಯವಾಗಿ ಕ್ವಾಲಿಟಿ ಕಂಟ್ರೋಲ್. ಡೈರಿ, ಬಿಸ್ಕತ್ತು, ಎಣ್ಣೆ, ಮಸಾಲೆ, ಕುಡಿಯುವ ನೀರಿನ ಘಟಕ, ಔಷಧ ಕಾರ್ಖಾನೆ, ಪರೀಕ್ಷಾ ಲ್ಯಾಬುಗಳು. ನಮ್ಮ ಎರಡು ಜಿಲ್ಲೆಗಳಲ್ಲಿ ಅವಕಾಶ ಕಮ್ಮಿ, ತುಮಕೂರು, ಬೆಂಗಳೂರಿನ ಕಡೆ ಹೋಗಬೇಕಾಗುತ್ತದೆ. ಸಂದರ್ಶನಕ್ಕೆ ಹೋಗುವಾಗ ಪ್ರಾಜೆಕ್ಟ್ ವರದಿ ಕೈಯಲ್ಲಿರಲಿ. ಶಿಫ್ಟ್ ಇದೆಯಾ, ರಾತ್ರಿ ಗಾಡಿ ಕಳಿಸುತ್ತಾರಾ ಅಂತ ಮುಜುಗರವಿಲ್ಲದೆ ಕೇಳಿ.

ಇನ್ನೊಂದು ವಿಷಯವನ್ನು ಸೇರುವ ದಿನವೇ ನೋಡಿಕೊಳ್ಳಿ. ಫುಡ್ ಅನಲಿಸ್ಟ್ (ಆಹಾರದ ಸ್ಯಾಂಪಲ್ ಪರೀಕ್ಷಿಸಿ ಕಾಯ್ದೆಯಡಿ ವರದಿ ಕೊಡುವವರು) ಆಗಬೇಕಾದರೆ ಮೈಕ್ರೋಬಯಾಲಜಿ, ಫುಡ್ ಟೆಕ್ನಾಲಜಿಯಂಥ ವಿಷಯದಲ್ಲಿ ಸ್ನಾತಕೋತ್ತರ ಡಿಗ್ರಿ, ಆಹಾರ ವಿಶ್ಲೇಷಣೆಯಲ್ಲಿ ಕನಿಷ್ಠ ಮೂರು ವರ್ಷದ ಅನುಭವ, ಆಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್.ಎಸ್.ಎಸ್.ಎ.ಐ. ನಡೆಸುವ ಪರೀಕ್ಷೆ ಬೇಕು. ಆದ್ದರಿಂದ ಕಂಪನಿ ಕೊಡುವ ಪತ್ರದಲ್ಲಿ ಬರೀ "ಟ್ರೈನಿ" ಅಂತ ಇದ್ದರೆ ಒಪ್ಪಬೇಡಿ. ಯಾವ ಲ್ಯಾಬ್, ಅದಕ್ಕೆ ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಯಾವ ಆಹಾರ ಪದಾರ್ಥದ ಯಾವ ಪರೀಕ್ಷೆ ನೀವು ಮಾಡುತ್ತೀರಿ, ಯಾವ ತಾರೀಖಿನಿಂದ ಅನ್ನುವುದನ್ನೆಲ್ಲ ಬರೆಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ. ಕೆಲಸ ಬಿಡುವಾಗ ಅನುಭವ ಪತ್ರದಲ್ಲೂ ಅದೇ ಮಾತು ಬಂದಿದೆಯಾ ನೋಡಿ, ಆಮೇಲೆ ಸಹಿ ಹಾಕಿ.